ರೊಟ್ಟಿ ನೋವು

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ ರೊಟ್ಟಿ ಕೇಂದ್ರವಿದೆ. ಒಂದೇ ಕೋಣೆ, ಮೇಲೆ ತಗಡು, ಬಾಗಿಲಿಗೆ ಹಳೆಯ ಸೀರೆಯ ಪರದೆ. ಮೊನ್ನೆ ಎಳ್ಳಮಾವಾಸ್ಯೆಗೆಂದು ಸಜ್ಜೆ ರೊಟ್ಟಿ ತರಲು ಹೋಗಿ ಅಲ್ಲಿ ನಿಂತಿದ್ದಾಗ ಕಾದ ಹಂಚಿನ ಮೇಲೆ ಎಳ್ಳು ಸೀದ ವಾಸನೆ ಬಂತು. ಎಳ್ಳು ಹದವಾಗಿ ಹುರಿದರೆ ಒಂದು ವಾಸನೆ, ಒಂದು ಗಳಿಗೆ ಮೀರಿದರೆ ಬೇರೆಯದೇ ವಾಸನೆ. ನಾಲಿಗೆಯ ಬುಡಕ್ಕೆ ಕಹಿ ಹತ್ತಿಬಿಡುತ್ತದೆ. ಒಳಗಿದ್ದವಳು "ಅಯ್ಯ, ಹೊತ್ತಿ ಹೋತು ನೋಡು" ಎಂದು ಆ ರೊಟ್ಟಿಯನ್ನು ಎತ್ತಿ ಗೋಡೆಯ ಕಡೆ ಎಸೆದಳು. ನಾನು ಪರದೆಯ ಅಂಚನ್ನು ಹಿಡಿದುಕೊಂಡೆ. ಮಾದೇವಕ್ಕನ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ. ಅದರ ವಾಸನೆಯೂ ಇದೇ.

ಮಾದೇವಕ್ಕ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಭಾವ, ಮಾದೇವಕ್ಕ ಮತ್ತು ಅತ್ತೆ ಕಮಲಾಪುರದ ಮನೆಯಲ್ಲಿ. ತೊಗರಿ, ಜೋಳದ ಹೊಲ, ಕೆಮ್ಮಣ್ಣಿನ ತುಂಡಿನಲ್ಲಿ ನಮ್ಮ ಕಡೆಯ ಕೆಂಪು ಬಾಳೆ. ನಮ್ಮವರಿಗೆ ನಂದೂರಿನ ಬೇಳೆ ಮಿಲ್ಲಿನಲ್ಲಿ ಕೆಲಸವಾದ್ದರಿಂದ ನಾವು ಕಲಬುರಗಿಯಲ್ಲಿ. ಆದರೆ ಪ್ರತಿ ವರ್ಷ ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ನಾನು ಕಮಲಾಪುರಕ್ಕೆ ಹೋಗಲೇಬೇಕು. ಮುಂದಿನದು ಎಳ್ಳಮಾವಾಸ್ಯೆ. ಅಂದು ಬಂಧುಬಳಗವನ್ನೆಲ್ಲ ಹೊಲಕ್ಕೆ ಕರೆದು ಉಣ್ಣಿಸುವುದು, ಉಣ್ಣುವ ಮೊದಲು ರೊಟ್ಟಿ ಪಲ್ಯಗಳನ್ನು ಮುರಿದು ಕಲಸಿ ಬೆಳೆಯ ನಡುವೆ ಭೂಮಿತಾಯಿಗೆ ಚೆಲ್ಲುವುದು. ಅದಕ್ಕೆ ಚರಗ ಎನ್ನುತ್ತಾರೆ. ಬೇರೆ ಮನೆಗಳಲ್ಲಿ ರೊಟ್ಟಿ ಬಡಿಯಲು ಹೆಂಗಸರನ್ನು ಕೂಲಿಗೆ ಕರೆಯುವುದುಂಟು. ನಮ್ಮ ಅತ್ತೆಯದು ಬೇರೆಯೇ ಕಟ್ಟಳೆ. "ನಮ್ಮ ಹೊಲದಾಗ ಕೂಲಿ ಕೈಯಿನ ರೊಟ್ಟಿ ಬೀಳಬಾರದು. ಸೊಸ್ತೇರು ಇರೂದ್ಯಾಕ?"

ಸೊಸೆಯರು ಇದ್ದದ್ದು ಇಬ್ಬರೇ. ಮಾದೇವಕ್ಕ ಮತ್ತು ನಾನು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅದು ನನ್ನ ತಪ್ಪೇನಲ್ಲ. ಆದರೆ ಆ ಮನೆಯಲ್ಲಿ ಅದು ನನ್ನ ಹೆಸರೇ ಆಗಿಹೋಗಿತ್ತು. "ಏ ಕಾನ್ವೆಂಟ, ಜರಾ ಜೋರ ಬಡಿ. ರೊಟ್ಟಿ ಅದು, ಕೂಸಿನ ಬೆನ್ನಲ್ಲ" ಎಂದು ಅತ್ತೆ ಪಡಸಾಲೆಯಿಂದಲೇ ಸದ್ದು ಕೇಳಿ ಹೇಳುತ್ತಿದ್ದರು. ಮಾದೇವಕ್ಕ ಒಲೆಯ ಮುಂದೆ ನಗುತ್ತ, "ಬಿಡ್ರಿ ಅತ್ತಿ, ಆಕಿ ರೊಟ್ಟಿಗಿನೂ ಥ್ಯಾಂಕ್ಯೂ ಅಂದೇ ಹಂಚಿಗಿ ಹಾಕ್ತಾಳ" ಎನ್ನುತ್ತಿದ್ದಳು. ಅವಳ ಚೇಷ್ಟೆಯಲ್ಲಿ ಮುಳ್ಳಿರಲಿಲ್ಲ. ಬಳೆಗಳನ್ನು ಮೊಣಕೈಯ ತನಕ ಸರಿಸಿ ಅವಳು ಹಿಟ್ಟಿನ ಉಂಡೆಗೆ ಕೈ ಹಚ್ಚಿದರೆ ರೊಟ್ಟಿ ತಾನೇ ತಿರುಗಿ ತಾನೇ ಅಗಲವಾಗುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು. ಎಳ್ಳನ್ನು ಬೆರಳ ತುದಿಯಿಂದ ಒತ್ತಿ ಕೂರಿಸುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು, ಮಕ್ಕಳು ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ.

ಅವಳ ಕೈಯಲ್ಲಿ ರೊಟ್ಟಿ ಸೀದ ಆ ವರ್ಷ ಚಳಿ ಬಹಳ ಇತ್ತು. ಬೆಳಗಾಗುವಾಗ ತೊಗರಿ ಹೊಲದ ಮೇಲೆ ಇಬ್ಬನಿ ಬಿಳಿ ಪಂಚೆ ಹಾಸಿದಂತೆ ಬಿದ್ದಿರುತ್ತಿತ್ತು. ಎಲ್ಲರ ತುಟಿ ಒಡೆದು, ನಕ್ಕರೆ ರಕ್ತ. ಕುದಿಯುವ ಎಸರು ಹಾಕಿ ಹಿಟ್ಟು ನಾದುವ ಹೊತ್ತಿಗೆ ಮಾತ್ರ ಕೈಗಳು ಬೆಚ್ಚಗಾಗುತ್ತಿದ್ದವು. ಭಾವನಿಗೆ ಆ ಸಲ ಚುನಾವಣೆಗೆ ನಿಲ್ಲುವ ಮನಸ್ಸು. ಊರೊಳಗೆ ಯಾರು ಕಂಡರೂ "ಅಮಾಸಿಗಿ ನಮ್ಮ ಹೊಲಕ್ಕ ಬರ್ರಿ" ಎಂದುಬಿಡುವುದು. ಕಚೇರಿಯವರು, ಮಿಲ್ಲಿನವರು, ಬಾಳೆಹಣ್ಣಿನ ದಲಾಲರು, ದಾರಿಯಲ್ಲಿ ಸಿಕ್ಕವರು. ಅವರು ಹೊರಗೆ ಒಂದೊಂದು ಸಲ ಹಾಗೆಂದಾಗಲೂ ಒಳಗೆ ನಮ್ಮ ಹಿಟ್ಟಿನ ಡಬ್ಬಿ ಒಂದೊಂದು ಹೆಚ್ಚುತ್ತಿತ್ತು. ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿ, ಬುಟ್ಟಿಯಲ್ಲಿ ಜೋಡಿಸಿ ಪಂಚೆ ಮುಚ್ಚುವುದು. ಒಂದು ಬುಟ್ಟಿ ತುಂಬಿದರೆ ಅತ್ತೆ ಇನ್ನೊಂದು ತಂದು ಇಡುತ್ತಿದ್ದರು.

ನೋವು ನನಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಎದೆಯ ಎಡಕ್ಕೆ ಯಾರೋ ದಪ್ಪ ಸೂಜಿಯಿಂದ ಹೊಲಿಗೆ ಹಾಕಿದಂತೆ. ಉಸಿರು ಪೂರ್ತಿ ಎಳೆದರೆ ಹೊಲಿಗೆ ಬಿಗಿಯುತ್ತಿತ್ತು. ಬಡಿಯುವ ಕಲ್ಲಿನ ಮೇಲೆ ಬಾಗಿದರೆ ಕಣ್ಣು ಕತ್ತಲೆ. ಅತ್ತೆ, "ಗ್ಯಾಸ್ ಆಗ್ಯಾದ, ಜೀರಗಿ ನೀರ ಕುಡಿ" ಎಂದರು. ಮಾದೇವಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋಗಿ, ರಜೆಗೆಂದು ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನಮ್ಮವರ ಮುಂದೆ ನಿಂತಳು. "ಮೈದುನಾ, ಎದಿ ಸುದ್ದಿ ಅದ. ಗಾಡಿ ತಗಿ. ಚಹಾ ಆಮ್ಯಾಗ." ಮೈದುನನಿಗೆ ಅಷ್ಟು ಜೋರಾಗಿ ಅವಳು ಹಿಂದೆಂದೂ ಹೇಳಿದವಳಲ್ಲ. ನಮ್ಮವರು ಲೋಟ ಇಟ್ಟು ಎದ್ದರು.

ಕಲಬುರಗಿಯ ಆ ಆಸ್ಪತ್ರೆಯ ತುರ್ತು ವಿಭಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ನಮಗೆ ಒಂದು ಪಾಠ ಕಲಿಸಿದ್ದರು: ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯಬೇಕು, ಮೊದಲು ಆದದ್ದು ಮೊದಲು, ಆಮೇಲೆ ಆದದ್ದು ಆಮೇಲೆ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚುವ ಪ್ರಯೋಗದಲ್ಲಿ ಒಬ್ಬ ಹುಡುಗಿ ಹೊಗೆಯನ್ನು ಮೊದಲು ಬರೆದು ಬತ್ತಿ ಆರಿದ್ದನ್ನು ಆಮೇಲೆ ಬರೆದಳೆಂದು ಮತ್ತೆ ಬರೆಸಿದ್ದರು. ಆ ಅಭ್ಯಾಸ ನನಗೆ ಬಿಟ್ಟುಹೋಗಿಲ್ಲ. ಆದ್ದರಿಂದ ಹೇಳುತ್ತೇನೆ.

ಮೊದಲು ಮಲಗಿಸಿ, ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಕೈಕಾಲಿಗೆ ಚಿಮಟದಂಥವನ್ನು ಸಿಕ್ಕಿಸಿ ಇಸಿಜಿ ತೆಗೆದರು. ಆಮೇಲೆ ರಕ್ತ ತೆಗೆದುಕೊಂಡರು. ಆಮೇಲೆ ಡಾಕ್ಟರು ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಕಿವಿಯಲ್ಲಿ ಒಂದೊಂದೇ ಮುತ್ತು. ಕುರ್ಚಿ ಎಳೆದುಕೊಂಡು ಕೂತು ಕೇಳಿದಳು. "ನೋವು ಗದ್ದಕ್ಕ ಹೋಗ್ತದೇನ್ರಿ? ಭುಜಕ್ಕ, ತೋಳಿಗಿ? ಬೆವರು ಬರ್ತದ? ನಡೆದ್ರ ಹೆಚ್ಚಾಗಿ ಕುಂತ್ರ ಕಡಿಮ್ಯಾಗ್ತದ?" ಎಲ್ಲದಕ್ಕೂ ಇಲ್ಲ ಎಂದೆ. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ? ಇಲ್ಲ. ಕೆಲವು ತಾಸು ಬಿಟ್ಟು ಮತ್ತೊಮ್ಮೆ ರಕ್ತ ತೆಗೆದರು. ಅದೂ ಬಂದ ಮೇಲೆ, ಎಲ್ಲದರ ಕೊನೆಗೆ, ಅವಳು ಹೆಬ್ಬೆರಳಿನಿಂದ ನನ್ನ ಎದೆಯ ಪಕ್ಕದ ಒಂದೊಂದೇ ಎಲುಬಿನ ತುದಿಯನ್ನು ಒತ್ತುತ್ತ ಬಂದಳು. ಒಂದು ಕಡೆ ನಾನು ಚೀರಿಬಿಟ್ಟೆ.

"ಏನ್ ಕೆಲಸ ಮಾಡ್ತೀರಿ?"

"ರೊಟ್ಟಿ ಬಡೀತೀನಿ," ಎಂದೆ. ಬಿ.ಎ. ಆಗಿದೆ ಎಂದು ಹೇಳಲು ಅದು ಜಾಗವಲ್ಲ.

ಅವಳು ನಕ್ಕಳು. ಬೈದಂತೆ ಅಲ್ಲ, ಗೊತ್ತಿದ್ದದ್ದೇ ಎನ್ನುವಂತೆ. "ಎಳ್ಳಮಾಸಿ ಮುಂದ ನಿಮ್ಮಂಥವರು ಬರ್ತಾನೇ ಇರ್ತಾರ್ರಿ. ಪಕ್ಕೆಲುಬು ಎದಿ ನಡುವಿನ ಎಲುಬಿಗಿ ಕೂಡೂ ಕಡಿ ಮೆತ್ತನ ಭಾಗ ಇರ್ತದ, ಅದು ಬಾತದ. ನೋವು ಖರೇ, ನಿಮ್ಮ ಭ್ರಮಾ ಅಲ್ಲ. ಆದ್ರ ಹಾರ್ಟಿಗಿ ಏನೂ ಆಗಿಲ್ಲ. ಕೆಲವು ವಾರ ರೊಟ್ಟಿ ಬ್ಯಾಡ, ಕೊಡ ಎತ್ತೂದು ಬ್ಯಾಡ." ಎದ್ದವಳು ಮತ್ತೆ ತಿರುಗಿ ಹೇಳಿದಳು: "ಒತ್ತಿದ್ರ ನೋಯ್ತದಂತ ಅಷ್ಟರ ಮ್ಯಾಲೆ ನಾ ಹೇಳ್ಲಾಕತ್ತಿಲ್ಲ. ಇಸಿಜಿ, ರಕ್ತ ಎಲ್ಲಾ ನೋಡೀನಿ, ಅದಕ್ಕ ಹೇಳ್ಲಾಕತ್ತೀನಿ."

ಆ ಕೊನೆಯ ಮಾತಿನ ಹೊತ್ತಿಗೆ ನಮ್ಮವರು ಫೋನು ಕಿವಿಗೆ ಹಿಡಿದು ಬಾಗಿಲಾಚೆ ಹೋಗಿದ್ದರು. "ಏನೂ ಇಲ್ಲವ್ವ. ಹಾರ್ಟ ಬರೋಬ್ಬರಿ ಅದ. ಡಾಕ್ಟರಬಾಯಿ ಹೆಬ್ಬೆಟ್ಟಲೆ ಒತ್ತಿದ್ಳು, ಈಕಿ ಚೀರಿದ್ಳು. ರೊಟ್ಟಿ ಬಡದ ನೋವಂತ." ಫೋನಿನೊಳಗಿಂದ ಅತ್ತೆಯ ನಗು ನನಗೆ ಮಂಚದ ತನಕ ಕೇಳಿಸಿತು.

'ಏನೂ ಇಲ್ಲ' ಎನ್ನುವ ಮಾತು ಕಲಬುರಗಿಯಿಂದ ಕಮಲಾಪುರಕ್ಕೆ ನಮಗಿಂತ ಮೊದಲೇ ಹೋಗಿ ತಲುಪಿತ್ತು. ನನಗೆ ಹೃದಯದ ಕಾಯಿಲೆಯೇ ಆಗಿದ್ದರೆ ಜನ ಸೇಬುಹಣ್ಣು ತಂದು ಪಕ್ಕದಲ್ಲಿ ಕೂರುತ್ತಿದ್ದರೋ ಏನೋ. ಎಲುಬಿನ ನೋವಿಗೆ ಯಾರು ಕೂರುತ್ತಾರೆ? ಓಣಿಯ ಹೆಂಗಸರು ಬಾಗಿಲಲ್ಲೇ ನಿಂತು, "ಹೌದೇನು, ರೊಟ್ಟಿ ನೋವಂತಲ್ಲ? ನಮಗೂ ಕಲಿಸವ್ವ ಆ ನೋವು, ನಾವೂ ಜರಾ ಮಲಗ್ತೀವಿ" ಎಂದು ನಗುತ್ತ ಹೋದರು.

ನಮ್ಮ ಅತ್ತೆಯ ಹೆಬ್ಬೆರಳಿನ ವಿಷಯ ಇಲ್ಲಿ ಹೇಳಬೇಕು. ನಮ್ಮ ಕೆಂಪು ಬಾಳೆ ಬಣ್ಣದಿಂದ ಹಣ್ಣೋ ಕಾಯೋ ಎಂದು ತಿಳಿಯುವುದಿಲ್ಲ, ಕಾಯಿದ್ದಾಗಲೂ ಕೆಂಪೇ. ಗೊನೆ ಬಂದಾಗ ಅತ್ತೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ "ಇದು ಸೋಮಾರಕ್ಕ, ಇದು ಬುಧವಾರಕ್ಕ" ಎಂದು ವಿಂಗಡಿಸುತ್ತಿದ್ದರು. ತಪ್ಪುತ್ತಿರಲಿಲ್ಲ. ದಲಾಲರೂ "ಅವ್ವಾರ ಹೆಬ್ಬೆಟ್ಟ ಸುಳ್ಳ ಹೇಳಂಗಿಲ್ರಿ" ಎನ್ನುತ್ತಿದ್ದರು. ಇಷ್ಟು ವರ್ಷ ಹಣ್ಣಿನ ಮೇಲಿದ್ದ ಆ ಬೆರಳಿಗೆ ಈಗ ಹೊಸ ಅಧಿಕಾರ ಸಿಕ್ಕಿತು. ಡಾಕ್ಟರಬಾಯಿ ಮಾಡಿದ್ದೂ ಅಷ್ಟೇ ತಾನೇ, ಒತ್ತಿ ನೋಡಿದ್ದು? ಎದೆ ನೋವೆಂದು ಯಾರೇ ಬಂದರೂ ಅತ್ತೆ ಹತ್ತಿರ ಕರೆದು ಒತ್ತುತ್ತಿದ್ದರು. ನೋಯಿತೋ, ರೊಟ್ಟಿ ನೋವು. ನೋಯಲಿಲ್ಲವೋ, ದವಾಖಾನೆ. ಮೊದಮೊದಲು ಅದು ಹಾಸ್ಯವಾಗಿತ್ತು. ಊಟಕ್ಕೆ ಕೂತ ಭಾವನಿಗೂ ಒತ್ತಿ, "ನಿಂಗ ಏನೂ ನೋಯಂಗಿಲ್ಲ ಬಿಡು, ನೀ ಎಲ್ಲಿ ರೊಟ್ಟಿ ಬಡ್ದೀ" ಎಂದಿದ್ದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ, ಎದೆ ಹಿಡಿದುಕೊಂಡು.

ಹಾಸ್ಯ ಯಾವಾಗ ನಿಯಮವಾಯಿತೋ ಯಾರೂ ಗಮನಿಸಲಿಲ್ಲ.

ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬೆಳ್ಳುಳ್ಳಿ ಸುಲಿಯಲು, ಶೇಂಗಾ ಹುರಿಯಲು ಕೂರಿಸಿದವಳು ಮಾದೇವಕ್ಕ. ಅತ್ತೆ ಮುಖ ಗಂಟು ಹಾಕಿದರು. "ಹಂಗಾರ ಈಕಿ ಪಾಲಿನ ರೊಟ್ಟಿ?" "ನಾ ಬಡೀತೀನ್ರಿ ಅತ್ತಿ." ಇಷ್ಟೇ ಮಾತು. ಭಾವ ಕರೆದ ಜನರಲ್ಲಿ ಒಬ್ಬರೂ ಕಡಿಮೆಯಾಗಲಿಲ್ಲ, ಬುಟ್ಟಿಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ. ಒಬ್ಬ ಕೂಲಿಯವಳನ್ನು ಕರೆಯೋಣ ಎಂದು ನಾನು ಹೇಳಿದ್ದಕ್ಕೆ ಭಾವ ಪೇಪರಿನಿಂದ ತಲೆ ಎತ್ತದೆ, "ಅವ್ವನ ಕೇಳು" ಎಂದರು. ಅವ್ವನನ್ನು ಕೇಳಿದರೆ, "ನಿನ್ನ ಗಂಡನ ಕೇಳು." ಗಂಡನನ್ನು ಕೇಳಿದರೆ, "ಅದು ಅವರ ಮನಿ ಪದ್ಧತಿ, ನಡುವ ನಾ ಯಾಕ ಬರ್ಲಿ?" ಎಂದರು. ಅವರ ಮನೆಯಂತೆ. ರೊಟ್ಟಿ ಬಡಿಯುವಾಗ ಮಾತ್ರ ಅದು ನಮ್ಮ ಮನೆ.

ಸುಲಿಯುತ್ತ ಕೂತವಳಿಗೆ ನೋಡುವುದೇ ಕೆಲಸ. ಹಾಗೆ ನೋಡಿದೆ. ಒಂದು ದಿನ ಮಾದೇವಕ್ಕ ಹಿತ್ತಲಿನಿಂದ ನೀರಿನ ಕೊಡ ತರುವಾಗ ಮೆಟ್ಟಿಲ ಬಳಿ ನಿಂತುಬಿಟ್ಟಳು. ಕೊಡ ಕೆಳಗಿಟ್ಟು ಕೊರಳಿಗೆ ಕೈ ಇಟ್ಟುಕೊಂಡಳು. ಸ್ವಲ್ಪ ಹೊತ್ತು ಕೂತ ಮೇಲೆ ಎದ್ದಳು. ಮರುದಿನವೂ ಅದೇ ಮೆಟ್ಟಿಲು, ಅದೇ ಕೈ.

"ಏನಾಯ್ತಕ್ಕ?"

"ಏನೋ ತಂಗಿ, ಗದ್ದ ಜೋಮ ಹಿಡದಂಗ ಆಗ್ಲಾಕತ್ತದ. ಎದಿ ಮ್ಯಾಲೆ ಯಾರೋ ಬಡಿಯೂ ಕಲ್ಲ ಇಟ್ಟಂಗ. ಕುಂತ್ರ ಹೋಗ್ತದ."

ನನಗೆ ಕುರ್ಚಿ ಎಳೆದುಕೊಂಡು ಕೂತ ಆ ಡಾಕ್ಟರಬಾಯಿಯ ಪ್ರಶ್ನೆಗಳು ಒಂದೊಂದಾಗಿ ಕೇಳಿಸಿದವು. ಗದ್ದಕ್ಕೆ ಹೋಗುತ್ತದಾ. ನಡೆದರೆ ಹೆಚ್ಚಾಗಿ ಕೂತರೆ ಕಡಿಮೆಯಾಗುತ್ತದಾ. ನಾನು ಇಲ್ಲ ಎಂದದ್ದಕ್ಕೆಲ್ಲ ಇವಳು ಕೇಳದೆಯೇ ಹೌದು ಅನ್ನುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ರೊಟ್ಟಿ ಸೀಯಿತು. ವಾಸನೆಗೆ ನಾನು ತಲೆ ಎತ್ತಿ ನೋಡಿದೆ. ಮಾದೇವಕ್ಕ ಹಂಚಿನ ಮುಂದೆಯೇ ಕೂತಿದ್ದಾಳೆ, ಕಣ್ಣು ತೆರೆದೇ ಇದೆ, ಕೈ ಮಾತ್ರ ಏಳುತ್ತಿಲ್ಲ. ಎಳ್ಳು ಚಟಚಟ ಸಿಡಿದು ಕರ್ರಗಾಗಿತ್ತು. ಬಾಯಿಂದ ಉಸಿರು ಬಿಟ್ಟರೆ ಹೊಗೆ ಕಾಣುವ ಆ ಚಳಿಯಲ್ಲಿ ಅವಳ ಮೇಲ್ದುಟಿಯ ಮೇಲೆ ಬೆವರಿನ ಹನಿಗಳು ನಿಂತಿದ್ದವು. ನಾನು ಕೂಗಿದೆ. ಅತ್ತೆ ಬಂದರು, ಹಿಂದೆ ಭಾವ ಬಂದರು.

"ಎಲ್ಲಿ ನೋಯ್ತದ? ಇಲ್ಲೇನು?" ಅತ್ತೆ ಬಾಗಿ ಹೆಬ್ಬೆರಳನ್ನು ಊರಿದರು.

"ಹಾಯ್!" ಎಂದಳು ಮಾದೇವಕ್ಕ.

"ನೋಡ್ದ್ಯಾ? ರೊಟ್ಟಿ ನೋವೇ ಅದು. ಚೊಲೋ ನೋಯ್ತದ." ಅತ್ತೆಯ ದನಿಯಲ್ಲಿ ಸಮಾಧಾನವಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ಪಾಲಿನ ರೊಟ್ಟಿ ಬಡಿದವಳ ಎದೆ ಒತ್ತಿದರೆ ನೋಯದೆ ಇರುತ್ತದೆಯೇ? ಅವಳಿಗೆ ಎಲುಬೂ ನೋಯುತ್ತಿತ್ತು. ಅದೇ ಅವಳನ್ನು ಕೊಂದಿತು ಎಂದರೆ ಡಾಕ್ಟರರು ಒಪ್ಪಲಿಕ್ಕಿಲ್ಲ, ನಾನು ಒಪ್ಪುತ್ತೇನೆ.

"ಅತ್ತಿ, ನಂಗ ಡಾಕ್ಟರು ಮೊದಲ ಒತ್ತಿಲ್ಲರಿ," ಎಂದೆ. "ಮೊದಲ ಇಸಿಜಿ ತಗದ್ರು. ಎರಡು ಸಲ ರಕ್ತ ತಗದ್ರು. ಎಲ್ಲಾ ಆದ ಮ್ಯಾಲೆ ಒತ್ತಿದ್ರು. ಅಕ್ಕಗ ಬೆವರ ಬಂದದ ನೋಡ್ರಿ. ಗದ್ದಕ್ಕೂ ನೋವು ಹೋಗ್ತದ. ಇದು ನನ್ನ ನೋವಲ್ಲ."

"ಒಲಿ ಮುಂದ ಕುಂತವರಿಗಿ ಬೆವರ ಬರ್ದೆ ಏನ್ ಬರ್ತದ?" ಎಂದರು ಅತ್ತೆ.

ಭಾವ ನನ್ನ ಕಡೆ ನೋಡದೆ, ಗೋಡೆಗೆ ಹೇಳುವವರಂತೆ ಹೇಳಿದರು. "ಮೊನ್ನಿ ಒಮ್ಮೆ ಹೋಗಿ ಏನೂ ಇಲ್ಲಂತ ಬಂದದ್ದೇ ಸಾಕಾಗ್ಯಾದ. ನಾಳಿಗಿ ಇಷ್ಟ ಮಂದಿ ಬರ್ತಾರ. ಅಮಾಸಿ ಮುಗೀಲಿ, ನೋಡಮು."

ನಮ್ಮವರಿಗೆ ಫೋನು ಮಾಡಿದೆ. ಹಿಂದೆ ಮಿಲ್ಲಿನ ಸದ್ದು. "ನಾಳಿಗಿ ಹೆಂಗೂ ಬರ್ಲಾಕತ್ತೀನಲ್ಲ. ನೀ ಹೆದರಿಕಿ ಮಂದಿ. ಅವ್ವ ನೋಡ್ಯಾಳಿಲ್ಲ?"

ಅವ್ವ ನೋಡಿದ್ದರು.

ಮಧ್ಯಾಹ್ನ ಅತ್ತೆ ಅಡ್ಡಾದ ಹೊತ್ತು ನೋಡಿ ನಾನು ಮಾದೇವಕ್ಕನನ್ನು ಎಬ್ಬಿಸಿದೆ. ಕಮಲಾಪುರದಲ್ಲಿಯೇ ಸರ್ಕಾರಿ ದವಾಖಾನೆ ಇದೆ, ಟಂಟಂ ಆಟೋ ಹತ್ತಿದರೆ ಒಂದು ಚಹಾ ಕುಡಿಯುವಷ್ಟು ಹೊತ್ತು. ಅವಳು ಹೂಂ ಎಂದು ಬಾಗಿಲ ತನಕ ಬಂದು ಚಪ್ಪಲಿ ಮೆಟ್ಟಿದಳು. ಎಡಗಾಲಿನ ಚಪ್ಪಲಿಯ ಹೆಬ್ಬೆರಳಿನ ಪಟ್ಟಿಗೆ ಹಸಿರು ದಾರದ ಹೊಲಿಗೆ ಹಾಕಿತ್ತು, ಅದು ನೆನಪಿದೆ. ಅಷ್ಟರಲ್ಲಿ ಒಳಗಿನಿಂದ, "ಎಲ್ಲಿ ಹೊಂಟೀರಿ ಇಬ್ಬರೂ?" ಎಂದು ಅತ್ತೆಯ ದನಿ ಬಂತು. ಬೈದದ್ದೂ ಅಲ್ಲ, ಬರೀ ಕೇಳಿದ್ದು.

ಮಾದೇವಕ್ಕ ಚಪ್ಪಲಿ ಬಿಟ್ಟಳು. ಬಿಟ್ಟು, ಜೋಡಿಸಿ ಗೋಡೆಗೆ ಇಟ್ಟಳು.

"ನಾ ಜವಾಬ ಕೊಡ್ತೀನಿ, ನೀ ಬಾ ಅಕ್ಕ," ಎಂದು ಕೈ ಹಿಡಿದೆ. ಅವಳ ಅಂಗೈ ಹಿಟ್ಟು ಒಣಗಿ ಒರಟಾಗಿತ್ತು, ತಣ್ಣಗಿತ್ತು.

"ಬಿಡ ತಂಗಿ. ನಾಳಿ ಒಂದಿನ ಕಳೀಲಿ. ನಾಡಿದ್ದ ನೀನೇ ಕರ್ಕೊಂಡು ಹೋಗು, ನಿನ್ನ ಮುತ್ತಿನ ಡಾಕ್ಟರಬಾಯಿ ಕಡಿ. ಆಕಿ ಮುಂದ ನಾನೂ ಒಮ್ಮಿ ಚೀರಿ ಬರ್ತೀನಿ." ನಕ್ಕಳು. ಒಡೆದ ತುಟಿಯಲ್ಲಿ ರಕ್ತ ಇಣುಕಿತು. ಒಳಗೆ ಹೋಗಿ ಮತ್ತೆ ಹಿಟ್ಟಿಗೆ ಎಸರು ಹಾಕಿದಳು.

ಮರುದಿನ ಹೊಲದಲ್ಲಿ ಎಷ್ಟು ಜನ! ಒಣಗಿದ ತೊಗರಿ ಗಾಳಿಗೆ ಗಲಗಲ ಎನ್ನುತ್ತಿತ್ತು. ಬನ್ನಿ ಗಿಡದ ಕೆಳಗೆ ಜಮಖಾನೆ ಹಾಸಿ ಭಾವ ಬಂದವರನ್ನೆಲ್ಲ ಹೆಗಲು ತಬ್ಬಿ ಕೂರಿಸುತ್ತಿದ್ದರು. ಚರಗ ಚೆಲ್ಲಿಯಾಗಿತ್ತು. ಮಾದೇವಕ್ಕ ಹೊಸ ಇಳಕಲ್ ಸೀರೆ ಉಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಕ್ತಿಗೆ ರೊಟ್ಟಿ ಹಾಕುತ್ತ ಬರುತ್ತಿದ್ದಳು. ಅವಳ ಹಿಂದೆ ನಾನು ಸೊಪ್ಪು ಕಾಳಿನ ಭಜ್ಜಿ ಪಲ್ಯದ ಪಾತ್ರೆ ಹಿಡಿದಿದ್ದೆ. ಯಾರೋ, "ಏನ್ ತೆಳ್ಳಗ ಅವ್ರಿ ರೊಟ್ಟಿ! ಯಾರ ಕೈದು?" ಎಂದು ಕೇಳಿದರು. ಭಾವ ದೂರದಿಂದಲೇ, "ನಮ್ಮ ಮನಿ ಕೈದು!" ಎಂದರು. ಅದೇ ಹೊತ್ತಿಗೆ ಮಾದೇವಕ್ಕ ಪಂಕ್ತಿಯ ನಡುವೆ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. ಒಂದು ರೊಟ್ಟಿಯೂ ಮುರಿಯದ ಹಾಗೆ ಇಟ್ಟು, ಪಕ್ಕದಲ್ಲಿ ಕೂತು, ಬುಟ್ಟಿಯ ಮೇಲೆಯೇ ವಾಲಿದಳು.

ಬಂದವರಲ್ಲೇ ಒಬ್ಬರ ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಗೆ ಓಡಿದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ ಉಣ್ಣುತ್ತಿದ್ದರು. ನಮ್ಮ ಜೀಪನ್ನು ನೋಡಿ ಊಟಕ್ಕೆ ಬನ್ನಿ ಎಂದು ಕೈ ಬೀಸಿ ಕರೆಯುತ್ತಿದ್ದರು. ಆ ದಿನ ದಾರಿಯಲ್ಲಿ ಹೋಗುವವರನ್ನು ಕರೆಯುವುದು ಪದ್ಧತಿ.

ಅದೇ ತುರ್ತು ವಿಭಾಗ, ಅದೇ ಮುತ್ತಿನ ಓಲೆಯ ಡಾಕ್ಟರು. ಈ ಸಲ ಅವಳು ಕುರ್ಚಿ ಎಳೆದುಕೊಂಡು ಕೂರಲಿಲ್ಲ. ಎಲ್ಲವೂ ಓಡುತ್ತಲೇ ನಡೆಯಿತು. ಇಸಿಜಿಯ ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಹೊರಗೆ ಬಂದು ಕೇಳಿದಳು. "ಯಾವಾಗಿಂದ ಇತ್ತು ಎದಿ ನೋವು?"

ಭಾವ ಹೇಳಿದರು. "ಅದು ರೊಟ್ಟಿ ನೋವರಿ ಮೇಡಂ. ನಾವು ಒತ್ತಿ ನೋಡೀವಿ."

"ಯಾರು ಒತ್ತಿ ನೋಡಿದ್ರು?"

ಅತ್ತೆ ಜೀಪಿನ ಹಿಂದೆ ಬೇರೆ ಗಾಡಿಯಲ್ಲಿ ಬಂದಿದ್ದರು. ಗೋಡೆಗಾತು ನಿಂತು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಡಾಕ್ಟರು ನಮ್ಮನ್ನೆಲ್ಲ ಒಮ್ಮೆ ನೋಡಿ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. ಗುರುತು ಸಿಕ್ಕಿತು. ಅವಳು ತನ್ನ ಕೈಯನ್ನೇ ಒಂದು ಗಳಿಗೆ ನೋಡಿಕೊಂಡು ಒಳಗೆ ಹೋದಳು. ಪಾಪ, ಅವಳ ತಪ್ಪೇನು? ಅವಳು ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದಳು. ನಮ್ಮ ಮನೆಯವರು ಕೊನೆಯದನ್ನು ಮಾತ್ರ ಎತ್ತಿಕೊಂಡು ಹೋಗಿದ್ದರು.

ಹೊತ್ತು ಮುಳುಗುವ ಮೊದಲೇ ಮಾದೇವಕ್ಕ ಹೋದಳು.

ಖಡಕ್ ರೊಟ್ಟಿ ಎಷ್ಟು ವಾರವಾದರೂ ಕೆಡುವುದಿಲ್ಲ. ಅಮಾವಾಸ್ಯೆಗೆ ಬಡಿದದ್ದು ಬುಟ್ಟಿಗಟ್ಟಲೆ ಉಳಿದಿತ್ತು. ಮಾತನಾಡಿಸಲು ಬಂದವರಿಗೆಲ್ಲ ಅದನ್ನೇ ಬಡಿಸಿದೆವು. ಅವಳ ಸಾವಿಗೆ ಬಂದವರು ಅವಳೇ ಬಡಿದ ರೊಟ್ಟಿ ಉಂಡು, ಕೈ ತೊಳೆದು, "ಭಾಳ ಚೊಲೋ ಹೆಣ್ಮಗಳು" ಎಂದು ಹೋದರು. ಭಾವ ಚುನಾವಣೆಯಲ್ಲಿ ಗೆದ್ದರು. ಹೆಂಡತಿ ಸತ್ತ ಮನೆ ಎಂದು ಮರುಕದಿಂದ ಹಾಕಿದವರೂ ಇದ್ದರಂತೆ. ಮರುವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಅತ್ತೆಯೇ ಫೋನು ಮಾಡಿ, "ಬರುವಾಗ ಕಲಬುರಗಿಯಿಂದ ರೊಟ್ಟಿ ತಗೊಂಬಾ. ಈಗ ಎಲ್ಲರೂ ತರಸ್ತಾರ, ಕಾಲ ಬದಲಾಗ್ಯಾದ" ಎಂದರು. ಎಷ್ಟು ಸಲೀಸಾಗಿ ಬದಲಾಯಿತು ಕಾಲ! ಒಂದು ಫೋನಿನ ಮಾತಿಗೆ ಬದಲಾಗುವಂಥ ಕಾಲವನ್ನು ಹಿಂದಿನ ವರ್ಷ ನಾನು ಮೂವರ ಬಳಿ ಬೇಡಿದ್ದೆ.

ಅಂದಿನಿಂದ ರೊಟ್ಟಿ ನಾನೇ ಒಯ್ಯುತ್ತೇನೆ. ಈ ಸಲವೂ ಒಯ್ದೆ. ನಿನ್ನೆ ಹೊಲದಲ್ಲಿ ಅದೇ ಬನ್ನಿ ಗಿಡ, ಅದೇ ಜಮಖಾನೆ. ಅತ್ತೆಗೆ ಈಗ ಹಲ್ಲು ಕಡಿಮೆ. ರೊಟ್ಟಿಯ ತುಂಡನ್ನು ಪಲ್ಯದಲ್ಲಿ ನೆನೆಸಿ ಬಾಯಲ್ಲಿಟ್ಟುಕೊಂಡು, "ದಪ್ಪ ಆಗ್ಯಾವ. ಮಾದೇವಿ ರೊಟ್ಟಿ ಹಂಗ ಯಾರಿಗೂ ಬರಂಗಿಲ್ಲ" ಎಂದರು. ಹೊಸದಾಗಿ ಊರಿಗೆ ಬಂದ ಅಧಿಕಾರಿಯೊಬ್ಬರು ಪಂಕ್ತಿಯಲ್ಲಿದ್ದರು. "ಯಾರ್ರಿ ಮಾದೇವಿ?" ಎಂದು ಕೇಳಿದರು.

ಭಾವ ದೊಡ್ಡ ಉಸಿರು ಬಿಟ್ಟರು. "ನಮ್ಮ ಮನಿಯವರು. ಇದೇ ಅಮಾಸಿ ದಿನ, ಇದೇ ಹೊಲದಾಗ ಹಾರ್ಟ ಅಟ್ಯಾಕ್ ಆಗಿ ಹೋದ್ಳು. ಒಂದು ಮಾತ ಹೇಳ್ಲಿಲ್ಲ ನೋಡ್ರಿ. ನೋವಾಗ್ಲಾಕತ್ತದ ಅಂತ ಒಂದು ಮಾತ ಹೇಳಿದ್ರ ನಾವು ಎತ್ಕೊಂಡು ಓಡ್ತಿದ್ವಿ."

"ಹೌದಪ್ಪಾ," ಎಂದರು ಅತ್ತೆ. "ಎಲ್ಲಾ ಹೊಟ್ಟ್ಯಾಗ ಇಟ್ಕೊಂಡು ಹೋದ್ಳು."

ನಮ್ಮವರು ತಲೆ ಆಡಿಸಿದರು. ಅವರು ಯಾರೂ ನಟಿಸುತ್ತಿರಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಅವರಿಗೆ ಅದೇ ಖರೆ ಆಗಿತ್ತು. ಸಂಕ್ರಾಂತಿಯಲ್ಲಿ, ಮದುವೆಮನೆಗಳಲ್ಲಿ ನಾನು ಈ ಮಾತನ್ನು ಮುಂಚೆಯೂ ಕೇಳಿದ್ದೇನೆ. ಕೇಳಿ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದೇನೆ. ನಿನ್ನೆ ಒಳಗೆ ಹೋಗಲು ಅದು ಮನೆಯಲ್ಲ, ಬಯಲು. ನನ್ನ ಕೈಯಲ್ಲಿ ಬುಟ್ಟಿಯಿತ್ತು.

"ಹೇಳಿದ್ಳರಿ, ಭಾವ," ಎಂದೆ.

ನನ್ನ ದನಿ ಯಾವಾಗಲೂ ಸಣ್ಣದು. ಆದರೂ ಕೇಳಿಸಿತು. ಖಡಕ್ ರೊಟ್ಟಿ ಉಣ್ಣುವ ಪಂಕ್ತಿಯಲ್ಲಿ ಮುರಿಯುವ ಸದ್ದು, ಅಗಿಯುವ ಸದ್ದು ನಿಲ್ಲುವುದೇ ಇಲ್ಲ. ಅದು ಒಮ್ಮೆಲೇ ನಿಂತಿತು.

"ಗದ್ದ ಹಿಡೀಲಾಕತ್ತದ ಅಂದಿದ್ಳು. ಎದಿ ಮ್ಯಾಲೆ ಕಲ್ಲ ಇಟ್ಟಂಗ ಆಗ್ತದ ಅಂದಿದ್ಳು. ಚಪ್ಪಲಿ ಮೆಟ್ಟಿ ಬಾಗಿಲ ತನಾ ಬಂದಿದ್ಳು. ನಾ ಹೇಳ್ದೆ, ಆಕಿ ಹೇಳಿದ್ಳು. ನೀವು ಒತ್ತಿ ನೋಡಿದ್ರಿ."

ಒಣಗಿದ ತೊಗರಿ ಗಾಳಿಗೆ ಸದ್ದು ಮಾಡಿತು. ಅತ್ತೆ ತಟ್ಟೆಯ ಮೇಲಿದ್ದ ಬಲಗೈಯನ್ನು ನಿಧಾನವಾಗಿ ಮಡಿಲಿಗೆ ಎಳೆದುಕೊಂಡರು. ಭಾವ ನಮ್ಮವರನ್ನು ನೋಡಿದರು, ನಮ್ಮವರು ನೆಲ ನೋಡಿದರು. ಅಧಿಕಾರಿ ಏನು ಮಾಡಬೇಕೆಂದು ತಿಳಿಯದೆ ನೀರಿನ ಲೋಟ ಎತ್ತಿ ಮತ್ತೆ ಇಟ್ಟರು.

ಆಮೇಲೆ ಪಂಕ್ತಿಯ ತುದಿಯಲ್ಲಿ ಯಾರೋ ಕಟ್ ಎಂದು ರೊಟ್ಟಿ ಮುರಿದರು. ಅವರ ಪಕ್ಕದವರು ಮುರಿದರು. ಸದ್ದು ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದು ಭಾವನನ್ನೂ ಮುಟ್ಟಿತು.

"ಈ ಕಡಿ ಎರಡು ರೊಟ್ಟಿ ಹಾಕವ್ವ," ಎಂದರು ಭಾವ.